ಆಡು ಮುಟ್ಟದ ಸೊಪ್ಪು

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ಕಟ್ಟಿದವರು ಆಡು ಸಾಕಿದವರಲ್ಲ ಎಂಬುದು ಇಂದು ಬೆಳಿಗ್ಗೆ ಏಳು ಗಂಟೆಗೆ ನನಗೆ ಖಾತ್ರಿಯಾಯಿತು. ಎಂಟು ದಿನ ಮನೆಮಂದಿಯನ್ನೆಲ್ಲ ಬಚ್ಚಲಿನಿಂದ ಹೊರಗಿಟ್ಟು ಮಣ್ಣಿಲ್ಲದೆ ಬರೀ ನೀರು ಚಿಮುಕಿಸಿ ನಾನು ಬೆಳೆಸಿದ ಮೊಳಕೆ ಮೇವನ್ನು ಮೂರು ಮರಿಗಳೂ ಮೂಸಿ, ಒಮ್ಮೆ ಸೀನಿ, ಪಕ್ಕದಲ್ಲಿ ಬಿದ್ದಿದ್ದ ಹಳೆಯ ಗೋಣಿಚೀಲವನ್ನು ಮೆಲ್ಲಲು ಹೋದವು.

ಬಚ್ಚಲೇ ಏಕೆಂದು ಆಳಂದ ರಸ್ತೆಯ ಆಸುಪಾಸಿನವರಿಗೆ ಹೇಳಬೇಕಾಗಿಲ್ಲ. ಕಲಬುರಗಿಯ ಮೇ ತಿಂಗಳಿನಲ್ಲಿ ಹೊರಗಿಟ್ಟ ಮೊಳಕೆ ಬೆಂದುಹೋಗುತ್ತದೆ, ಗಾಳಿಯಾಡದಂತೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದನ್ನು ಮರಿಗಳಿಗೆ ಹಾಕುವಂತಿಲ್ಲ. ಔಷಧ ಸವರಿದ ಬಿತ್ತನೆ ಬೀಜವೂ ಆಗದೆಂದು ಸಂತೆಯಲ್ಲಿ ಹುಡುಕಿ ತಂದ ಗೋವಿನಜೋಳವನ್ನು ಒಂದು ರಾತ್ರಿ ನೆನೆಸಿ, ಒಂದು ದಿನ ಗೋಣಿಯಲ್ಲಿ ಕಟ್ಟಿ, ತಟ್ಟೆಗಳಲ್ಲಿ ಹರಡಿ, ಎರಡು ಮೂರು ತಾಸಿಗೊಮ್ಮೆ ನೀರು ಚಿಮುಕಿಸಿದೆ. 1 ಕೆಜಿ ಕಾಳು 6 ಕೆಜಿ ಮೇವಾಯಿತೆಂದು ನಾನು ಬೀಗಿದಾಗ, ತಂಬಿಗೆ ಹಿಡಿದು ಬಚ್ಚಲಿಗಾಗಿ ಕಾಯುತ್ತಿದ್ದ ಅವ್ವ, "ಅದರಾಗ ನೀರೆಷ್ಟು?" ಎಂದಳು. ಹೆಚ್ಚಿನದೆಲ್ಲ ನೀರೇ, ಒಣಗಿಸಿ ತೂಗಿದರೆ ಹಾಕಿದ ಕಾಳಿಗಿಂತ ಕಡಿಮೆಯೇ ಬಂದೀತು ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಅದನ್ನು ಸ್ನಾನವಿಲ್ಲದೆ ನಿಂತವಳ ಮುಂದೆ ಒಪ್ಪಿಕೊಳ್ಳಲಾಗುತ್ತದೆಯೇ?

ಈ ಮೇವು ತಟ್ಟೆಯಿಂದ ಕಂಬಳಿಯಂತೆ ಇಡಿಯಾಗಿ ಎದ್ದುಬರುತ್ತದೆ. ಮೇಲೆ ಗೇಣುದ್ದದ ಹಸಿರು, ಕೆಳಗೆ ಬಿಳಿ ಬೇರಿನ ಹೆಣಿಗೆ. ಮರಿಗಳ ಹೊಟ್ಟೆ ಕೆಡದಂತೆ ಮೊದಮೊದಲು ಒಂದೊಂದೇ ಹಿಡಿ ಹರಿದು ಹಾಕಬೇಕು. ನಾನು ಹಠಕ್ಕೆ ಬಿದ್ದು ಇಡೀ ಹಾಸನ್ನೇ ಗೋದಲಿಯ ಅಂಚಿಗೆ ತೂಗುಬಿಟ್ಟೆ. ಕಪ್ಪು ಮರಿಯೊಂದು ಅದರ ತುದಿ ಹಿಡಿದು ಜಗ್ಗಿತು. ಹಾಸು ಸೀದಾ ಅದರ ಬೆನ್ನ ಮೇಲೆ ಕವುಚಿಕೊಂಡಿತು. ಹಸಿರು ಶಾಲು ಹೊದ್ದ ಸನ್ಮಾನಿತರಂತೆ ಅದು ಕಿರುಚುತ್ತ ಅವ್ವನ ಬಳಿಗೆ, ಎಂದರೆ ಅದರ ಅವ್ವನ ಬಳಿಗೆ, ಓಡಿತು. ವಾಸನೆಯಿಂದಲೇ ತನ್ನ ಕುಡಿಯನ್ನು ಗುರುತಿಸುವ ಆ ಉಸ್ಮಾನಾಬಾದಿ ತಳಿಯ ತಾಯಿ ಮೂಸಿತು, ಕ್ಷಣಕಾಲ ಯೋಚಿಸಿತು, ಆಮೇಲೆ ಮಗುವಿನ ಬೆನ್ನಿನಿಂದಲೇ ಮೇಯತೊಡಗಿತು. ಮರಿ ಮುಂದೆ, ಮೇಯುತ್ತ ತಾಯಿ ಹಿಂದೆ, ಹಾಸನ್ನು ಉಳಿಸಲು ನಾನು ಅವುಗಳ ಹಿಂದೆ. ಅಂಗಳವನ್ನು ಮೂರು ಸುತ್ತು ಹಾಕಿದೆವು. ಅವ್ವ ತಂಬಿಗೆಯನ್ನು ಕೆಳಗಿಟ್ಟು ನಕ್ಕಳು.

ನಾನು ಹುಡುಗನಾಗಿದ್ದಾಗ ಊರಾಚೆಯ ಬೀಳಿನಲ್ಲಿ ಕೋಲಿನಿಂದ ಜಾಲಿಕಾಯಿ ಬಡಿದು ಉದುರಿಸಿದರೆ ಸಾಕು, ಮರಿಗಳು ಮೈಮೇಲೆ ಬೀಳುತ್ತಿದ್ದವು. ಈಗ ಆ ಬೀಳಿಲ್ಲ, ರಸ್ತೆಯ ಅಂಚಿನವರೆಗೂ ತೊಗರಿ.

ಸಂಜೆ ಉಳಿದ ಹಾಸನ್ನು ಚೂರು ಮಾಡಿ ತೊಗರಿ ಹೊಟ್ಟಿನಲ್ಲಿ ಬೆರೆಸಿ ಇಟ್ಟೆ. ಮರಿಗಳು ಹೊಟ್ಟನ್ನಷ್ಟೇ ಆರಿಸಿ ತಿಂದವು. ಬಚ್ಚಲಲ್ಲಿ ಆರನೆಯ ದಿನದ ತಟ್ಟೆ ಇನ್ನೊಂದಿದೆ. ಅವ್ವ ಮತ್ತೆ ತಂಬಿಗೆ ಹಿಡಿದು ನಿಂತಿದ್ದಾಳೆ.