ಡ್ರಮ್ಮು ಕೊಟ್ರು, ಹುಳಕ್ಕೆ ಉತ್ತರ ಕೊಡ್ಲಿಲ್ಲ

ಈ ಸಲ ಇಲ್ಲಿಗೆ ನಲವತ್ತೊಂದು ಕಾಫಿ ಗಿಡ ಕಿತ್ತಾಯ್ತು. ಕೈಮಣ್ಣು ಕೂಡ ತೊಳೆದಿಲ್ಲ, ಹಾಗೇ ಬರೀತಿದೀನಿ. ಸೋಮವಾರಪೇಟೆ ಕಡೆ ನಾಲ್ಕೆಕರೆ ಅರೇಬಿಕಾ ನಮ್ದು. ಕೊಡಗು ಅಂದ್ರೆ ಎಸ್ಟೇಟು, ಜೀಪು, ಹೋಂಸ್ಟೇ ಅಂದ್ಕೊಂಡಿರೋರು ಒಂಚೂರು ಸುಮ್ನಿರಿ.

ಇವತ್ತಿನ ಗಿಡದ ಎಲೆ ಹಳದಿಯಾಗಿ ಜೋತು ಬಿದ್ದಿತ್ತು. ತೊಗಟೆ ಮೇಲೆ ಉಬ್ಬಿದ ಗೆರೆ. ಕತ್ತಿಯಲ್ಲಿ ಸೀಳಿದ್ರೆ ಒಳಗೆ ಸುರಂಗ, ಅದರ ತುಂಬ ಒತ್ತಿ ತುರುಕಿದ ಹುಡಿ, ಕೊನೇಲಿ ಬಿಳೀ ಹುಳ, ಅದೇ ಕಾಂಡಕೊರಕ. ಏಳು ವರ್ಷ ಸಾಕಿದ ಗಿಡ. ಬೆಂಕಿಗೆ ಹಾಕಿ ಬಂದೆ.

ಸಾವಯವ ಮಾಡಿ ಅಂತ ಮನೆ ಬಾಗಿಲಿಗೆ ಬಂದೋರು ಸರ್ಕಾರದವರೇ. 2015-16ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆ, ಐವತ್ತು ಎಕರೆಗೊಂದು ಗುಂಪು, ಮೂರು ವರ್ಷ ಸಹಾಯ. ನಾವೂ ಆಸೆಯಿಂದ ಸೇರಿದ್ವಿ. ಸಿಕ್ಕಿದ್ದೇನು? ಒಂದು ನೀಲಿ ಡ್ರಮ್ಮು, ಒಂದು ಟೋಪಿ, ಎರಡು ದಿನದ ತರಬೇತಿ. ಪಾಠ ಮಾಡಿದ ಮಹಾನುಭಾವರು ತೋರಿಸಿದ ಫೋಟೋ ಎಲ್ಲಾ ಬಯಲುಸೀಮೆ ರಾಗಿ ಹೊಲದ್ದು! 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, 200 ಲೀಟರ್ ನೀರು, ಜೀವಾಮೃತ ಅನ್ನೋ ದ್ರವ ಗೊಬ್ಬರ ರೆಡಿ. ಸರಿ ಸ್ವಾಮಿ. ನಮ್ಮ ಆಷಾಢದ ಮಳೇಲಿ ಅದನ್ನ ಇಳಿಜಾರಿಗೆ ಸುರಿದ್ರೆ ಸಂಜೆಯೊಳಗೆ ಹಾರಂಗಿ ಹೊಳೆ ಸೇರಿರುತ್ತೆ. ಮೀನಿಗೆ ಒಳ್ಳೇದಾಗಬಹುದು.

ಎದ್ದು ನಿಂತು ಕೇಳ್ದೆ: ಕಾಂಡಕೊರಕಕ್ಕೆ ಏನು ಮಾಡ್ಬೇಕು ಸಾರ್? 'ಮಣ್ಣು ಆರೋಗ್ಯವಾಗಿದ್ರೆ ಕೀಟ ತಾನಾಗೇ ಕಮ್ಮಿ ಆಗುತ್ತೆ' ಅಂದ್ರು. ಆಮೇಲೆ ಊಟಕ್ಕೆ ಬಿಟ್ರು. ಪಲಾವ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ತೊಗಟೆ ಉಜ್ಜೋದು, ಸುಣ್ಣ ಬಳಿಯೋದು, ಬಲೆ ಕಟ್ಟೋದು, ನೆರಳು ಉಳಿಸೋದು ಎಲ್ಲಾ ನಮಗೂ ಗೊತ್ತು, ಮಾಡಿದೀವಿ. ಈ ಹುಳ ಬೆಳೆದು ಆಗೋ ದುಂಬಿ ಹಾರಿ ಮೊಟ್ಟೆ ಇಡೋದು ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್‌ವರೆಗೆ ಇನ್ನೊಂದ್ಸಲ. ಏಪ್ರಿಲ್‌ನಲ್ಲಿ ಸುಣ್ಣ ಬಳಿದ ಮಾರನೇ ದಿನ ಗುಡುಗು ಮಳೆ ಬಂದು ತೊಳ್ಕೊಂಡು ಹೋದ್ರೆ? ಮತ್ತೆ ಬಳೀಬೇಕಾ? ಎಷ್ಟು ಸಲ? ಆ ಆಳಿನ ಖರ್ಚು ಕಾಫಿ ರೇಟಲ್ಲಿ ಹುಟ್ಟುತ್ತಾ? ನಮ್ಮಂಥ ಇಳಿಜಾರಲ್ಲಿ, ನಮ್ಮಂಥ ಮಳೇಲಿ, ಒಂದೇ ತೋಟವನ್ನ ಹತ್ತು ವರ್ಷ ಔಷಧಿ ಇಲ್ಲದೆ ಬೆಳೆಸಿ, ಪಕ್ಕದಲ್ಲಿ ಔಷಧಿ ಹೊಡೆದ ತೋಟ ಇಟ್ಟು, ಎಷ್ಟು ಗಿಡ ಸತ್ತಿತು, ಎಷ್ಟು ಚೀಲ ಬಂತು ಅಂತ ಲೆಕ್ಕ ಇಟ್ಟು ನಮ್ಮ ಕೈಗೆ ಕೊಡಿ ಅನ್ನೋದಷ್ಟೇ ನನ್ನ ಬೇಡಿಕೆ. ಕಾಫಿ ಮೇಲೆ ಪ್ರಯೋಗ ಅಂದ್ರೆ ರಾಗಿ ಥರ ನಾಲ್ಕು ತಿಂಗಳ ಆಟ ಅಲ್ಲ. ಗಿಡ ನೆಟ್ಟು ಸರಿಯಾದ ಫಸಲು ನೋಡೋ ಹೊತ್ತಿಗೆ ಇವರ ಮೂರು ವರ್ಷದ ಯೋಜನೆ ಮುಗಿದು ಫೈಲು ಕಟ್ಟಿರ್ತಾರೆ.

ವಿಜ್ಞಾನಿಗಳನ್ನ ಬಯ್ತಿಲ್ಲ. ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನೆ ನಡೀತಿದೆ, ನಮ್ಮ ಚೆಟ್ಟಳ್ಳಿಯಲ್ಲೇ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಏಲಕ್ಕಿ, ಮೆಣಸಿನ ಕೇಂದ್ರ ಇದೆ. ಜಾಗ ಇದೆ, ಜನ ಇದ್ದಾರೆ. ಡ್ರಮ್ಮಿಗೆ, ಟೋಪಿಗೆ, ಫ್ಲೆಕ್ಸಿಗೆ ಸುರಿಯೋ ದುಡ್ಡಲ್ಲಿ ಒಂದು ಪಾಲನ್ನ ಇಂಥ ದೀರ್ಘ ಪ್ರಯೋಗಕ್ಕೇ ಅಂತ ಎತ್ತಿಡೋಕೆ ಏನು ಕಷ್ಟ? ಕರ್ನಾಟಕ ಸಾವಯವ ಕೃಷಿ ನೀತಿ ತಂದಿದ್ದು 2004ರಲ್ಲಿ. ನೀತಿ ಬಂದು ಇಷ್ಟು ವರ್ಷ ಆದ್ಮೇಲೂ ನನ್ನ ತೋಟದಲ್ಲಿ ಪ್ರಯೋಗಾಲಯ ನಾನೇ, ಇಲಿಯೂ ನಾನೇ. ನಷ್ಟವಂತೂ ಪೂರ್ತಿ ನಂದೇ.

45 ಕೆಜಿ ಯೂರಿಯಾ ಚೀಲ ಇನ್ನೂರ ಎಪ್ಪತ್ತು ರೂಪಾಯಿ ಒಳಗೆ ಸಿಗುತ್ತೆ, ಉಳಿದಿದ್ದು ಸರ್ಕಾರ ತುಂಬುತ್ತೆ. ಬೇವಿನ ಹಿಂಡಿ ತಗೊಳ್ಳೋಕೆ ಹೋಗಿ ನೋಡಿ, ಅಂಗಡಿಯಣ್ಣನ ಮುಖ ನೋಡೋಕೆ ನಾಚಿಕೆ ಆಗುತ್ತೆ. ಅದೂ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಸರ್ಟಿಫಿಕೇಟ್ ಸಿಗೋಕೆ ಮುಂಚಿನ ಪರಿವರ್ತನೆ ಅವಧಿ ಮೂರು ವರ್ಷ. ಅಲ್ಲಿವರೆಗೆ ಖರ್ಚು ಸಾವಯವದ್ದು, ರೇಟು ಮಾಮೂಲಿದು. ಬೇಲಿಯಾಚೆ ಚಿಕ್ಕಪ್ಪ ಔಷಧಿ ಹೊಡೆಸ್ತಾರೆ. 'ಲೋ, ನಿನ್ನ ಹುಳ ಎಲ್ಲಾ ನನ್ನ ತೋಟಕ್ಕೆ ಬರ್ತಿದೆ' ಅಂತ ಪ್ರತಿ ಮದುವೇಲೂ ಮೂದಲಿಸ್ತಾರೆ. ತಿರುಗಿ ಏನು ಹೇಳ್ಲಿ, ನನ್ನ ಹತ್ರ ಅಂಕಿಅಂಶ ಏನಿದೆ?

ಡ್ರಮ್ಮಲ್ಲಿ ಈಗ ನಾಯಿಗೆ ಸ್ನಾನದ ನೀರು ತುಂಬಿಡ್ತೀವಿ.

ಬರೋ ವಾರ ಮತ್ತೆ ತರಬೇತಿಯಂತೆ, ಮೆಸೇಜ್ ಬಂದಿದೆ. ಆಧಾರ್ ಜೆರಾಕ್ಸ್ ಎರಡು, ಪಾಸ್‌ಬುಕ್ ಜೆರಾಕ್ಸ್ ಒಂದು, ಪಹಣಿ ಒಂದು ತರ್ಬೇಕಂತೆ. ಎಲ್ಲಾ ತಗೊಂಡು ಹೋಗ್ತೀನಿ. ಜೊತೆಗೆ ಹುಳ ಸಮೇತ ಇರೋ ಒಂದು ಬುಡಾನ ಸುಡದೆ ಚೀಲದಲ್ಲಿ ಕಟ್ಟಿ ಇಟ್ಟಿದೀನಿ. ಈ ಸಲ ಊಟಕ್ಕೆ ಬಿಡೋಕೆ ಮುಂಚೆ ಅದನ್ನ ಮೇಜಿನ ಮೇಲೆ ಇಟ್ಟೇ ಕೇಳೋದು.