ಪಕ್ಕದ ಕಾಡು ಬೆಳೆಯುವವರೆಗೆ ಕಡಿತ ನಿಲ್ಲಬೇಕೇ?

ಒಂದು ಕಡೆ ಕಾಡನ್ನು ಪೂರ್ತಿ ಕಡಿದು ಮರ ಸಾಗಿಸಿದ್ದಾರೆ. ಅದಕ್ಕೆ ತಾಗಿದ ಕಾಡನ್ನೂ ಕಡಿಯುವ ಮೊದಲು, ಆ ಬೋಳು ಜಾಗದಲ್ಲಿ ಹೊಸ ಮರಗಳು ಇಂತಿಷ್ಟು ಎತ್ತರ ಬೆಳೆದಿರಲೇಬೇಕು ಎಂದು ಕಾನೂನು ಹೇಳಬೇಕೇ? ಉತ್ತರ ಅಮೆರಿಕದ ಹಲವು ಕಡೆ ಇಂಥ ನಿಯಮ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸರ್ಕಾರಿ ಕಾಡಿನಲ್ಲಿ ಕಡಿಯುವ ಒಂದು ಬ್ಲಾಕ್ ಸಾಮಾನ್ಯವಾಗಿ 40 ಹೆಕ್ಟೇರ್ ಮೀರಬಾರದು, ಕೆಲವು ಪ್ರದೇಶಗಳಲ್ಲಿ 60. ಪಕ್ಕದ ಬ್ಲಾಕ್‌ಗೆ ಕೈ ಹಾಕಬೇಕಾದರೆ ಹಳೆಯದರ ಬಹುಪಾಲು ಜಾಗದಲ್ಲಿ ಹೊಸ ಮರಗಳ ಪೈಕಿ ಹೆಚ್ಚು ಎತ್ತರ ಬೆಳೆದವು ಸರಾಸರಿ 3 ಮೀಟರ್ ಇರಬೇಕು. ಅಮೆರಿಕದ ಆರೆಗನ್‌ನಲ್ಲಿ ಮಿತಿ 120 ಎಕರೆ. ಅಲ್ಲಿ ಹೊಸ ಮರಗಳು 4 ಅಡಿ ಬೆಳೆದಿರಬೇಕು, ಇಲ್ಲವೇ ನೆಟ್ಟು 4 ವರ್ಷ ಆಗಿರಬೇಕು.

ಪರ: ಕಾಯಲೇಬೇಕು

ಕಾಯುವ ನಿಯಮ ಇಲ್ಲದಿದ್ದರೆ ಗಾತ್ರದ ಮಿತಿಗೆ ಬೆಲೆಯೇ ಇಲ್ಲ. ಈ ವರ್ಷ 40 ಹೆಕ್ಟೇರ್, ಮುಂದಿನ ವರ್ಷ ಅದಕ್ಕೆ ತಾಗಿ ಇನ್ನೊಂದು 40. ಐದನೇ ವರ್ಷಕ್ಕೆ 200 ಹೆಕ್ಟೇರ್ ಬಯಲು. ಕಾಗದದಲ್ಲಿ ಐದು ಬ್ಲಾಕ್, ನೆಲದ ಮೇಲೆ ಒಂದೇ. ನೀರಿಗೆ, ಮಣ್ಣಿಗೆ, ಪ್ರಾಣಿಗೆ ಕಾಗದ ಗೊತ್ತಾಗುವುದಿಲ್ಲ ಅಲ್ವಾ?

ಇಂಥ ಮಿತಿಗಳು ಸುಮ್ನೆ ಹುಟ್ಟಿದ್ದಲ್ಲ. ವೆಸ್ಟ್ ವರ್ಜೀನಿಯಾದ ಮೊನೊಂಗಹೆಲಾ ರಾಷ್ಟ್ರೀಯ ಅರಣ್ಯದ ಬೋಳು ಕಡಿತವನ್ನು ವಿರೋಧಿಸಿದವರು ಕೋರ್ಟಿಗೆ ಹೋದರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ತೀರ್ಪು ಕೊಟ್ಟಿತು. ಮರುವರ್ಷವೇ ಅಮೆರಿಕದಲ್ಲಿ ರಾಷ್ಟ್ರೀಯ ಅರಣ್ಯ ನಿರ್ವಹಣಾ ಕಾಯ್ದೆ ಬಂತು. ಅದರಡಿ 1982ರಲ್ಲಿ ಮಾಡಿದ ನಿಯಮಗಳು ಬೋಳು ಕಡಿತಕ್ಕೆ ಹೆಚ್ಚಿನ ಕಡೆ 40 ಎಕರೆಯ ಮಿತಿ ಹಾಕಿದವು.

ಇಳಿಜಾರಿನಲ್ಲಿ ಏನಾಗುತ್ತದೆ ನೋಡಿ. ಮರ ಕಡಿದ ಮೇಲೂ ಬೇರು ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತದೆ. ಆಮೇಲೆ ಕೊಳೆಯುತ್ತದೆ. ಅಷ್ಟರಲ್ಲಿ ಹೊಸ ಸಸಿಯ ಬೇರು ಇನ್ನೂ ಬಲಿತಿರುವುದಿಲ್ಲ. ಕಡಿದು ಸುಮಾರು 3ರಿಂದ 15 ವರ್ಷದ ನಡುವೆ ಮಣ್ಣಿನ ಹಿಡಿತ ಅತಿ ಕಡಿಮೆ. ಭೂಕುಸಿತದ ಅಪಾಯ ಆಗಲೇ ಜಾಸ್ತಿ. ಇಡೀ ಗುಡ್ಡ ಒಟ್ಟಿಗೆ ಆ ಸ್ಥಿತಿಗೆ ಬರಬಾರದು. ಹಿಮ ಬೀಳುವ ಜಾಗದಲ್ಲಿ ಇನ್ನೊಂದು ತೊಂದರೆ. ಬಯಲಲ್ಲಿ ಹಿಮವನ್ನು ಮೇಲೆಯೇ ತಡೆಯುವ ಕೊಂಬೆಗಳಿಲ್ಲ. ಹಾಗಾಗಿ ಅದು ನೆಲದಲ್ಲಿ ಜಾಸ್ತಿ ಕೂಡುತ್ತದೆ, ಬಿಸಿಲು ಗಾಳಿಗೆ ಬೇಗ ಕರಗುತ್ತದೆ. ಹೊಳೆಗೆ ನೀರು ಒಮ್ಮೆಲೇ ನುಗ್ಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಕಾಡನ್ನು ಮತ್ತೆ ಬೆಳೆಸಲು ಇದಕ್ಕಿಂತ ನೇರವಾದ ಒತ್ತಡ ಇನ್ನೊಂದಿಲ್ಲ. ಸಸಿ ನೆಡುವುದು ಸುಲಭ, ಉಳಿಸುವುದು ಕಷ್ಟ. ಕಳೆ ಮೇಲೆದ್ದು ನೆರಳು ಮಾಡುತ್ತದೆ, ಜಿಂಕೆ ಚಿಗುರು ತಿನ್ನುತ್ತದೆ, ಒಣ ಬೇಸಿಗೆಯಲ್ಲಿ ಸಾಲುಸಾಲೇ ಸಾಯುತ್ತವೆ. ನೆಟ್ಟ ಲೆಕ್ಕ ಕೇಳುವ ಕಾನೂನಿದ್ದರೆ ಕಂಪನಿ ನೆಟ್ಟು ಹೋಗಿಬಿಡಬಹುದು. ದಂಡ ಹಾಕುವ ಕಾನೂನಿದ್ದರೆ ದಂಡ ಕಟ್ಟಿ ಮುಂದೆ ಸಾಗಬಹುದು. ಇಲ್ಲಿ ಎರಡೂ ನಡೆಯುವುದಿಲ್ಲ. ಹಳೆಯ ಜಾಗದಲ್ಲಿ ಮರ ನಿಲ್ಲುವವರೆಗೆ ಪಕ್ಕದ ಬಲಿತ ಮರ ಕೈಗೆ ಸಿಗುವುದಿಲ್ಲ. ಒಳ್ಳೆಯ ಸಸಿ ತರುವುದು, ಕಳೆ ತೆಗೆಸುವುದು, ಸತ್ತ ಕಡೆ ಮತ್ತೆ ನೆಡುವುದು ಆಗ ಕಂಪನಿಗೇ ಲಾಭ.

ಇನ್ನೊಂದು ಅನುಕೂಲ, ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಎತ್ತರ ಅಳೆಯಲು ಗುರುತು ಹಾಕಿದ ಒಂದು ಕೋಲು ಸಾಕು. ಜೀವವೈವಿಧ್ಯ, ಭೂದೃಶ್ಯ ಎಂದು ದೊಡ್ಡ ಗುರಿ ಬರೆದಿಟ್ಟ ಯೋಜನೆಗಳು ತಜ್ಞರ ವರದಿಗಳ ನಡುವೆ ಕಳೆದುಹೋಗುತ್ತವೆ. ಮೂರು ಮೀಟರ್ ಅಂದರೆ ಮೂರು ಮೀಟರ್.

ಖರ್ಚು ಇದೆ, ಒಪ್ಪುತ್ತೇನೆ. ಯಂತ್ರಗಳನ್ನು ದೂರದ ಇನ್ನೊಂದು ಜಾಗಕ್ಕೆ ಸಾಗಿಸಬೇಕು. ಮರ ಮಾರಿ ದುಡ್ಡು ಮಾಡುವವರೇ ಆ ಖರ್ಚು ಹೊರುವುದು ನ್ಯಾಯ.

ವಿರೋಧ: ನಿಯಮ ತಪ್ಪು ಜಾಗದಲ್ಲಿ ನೋಡುತ್ತಿದೆ

ಪಕ್ಕದಲ್ಲಿ ಕಡಿಯಬೇಡಿ ಎಂದರೆ ಕಡಿತ ಕಡಿಮೆಯಾಗುತ್ತದೆ ಎಂದು ಅನ್ನಿಸುತ್ತದೆ. ಹೆಚ್ಚಾಗಿ ಆಗುವುದು ಹಾಗಲ್ಲ. ಗಿರಣಿಗೆ ಬೇಕಾದ ಮರ ಬೇಕೇ ಬೇಕು. ಇಲ್ಲಿ ಬಿಡದಿದ್ದರೆ ಎರಡು ಕಿಲೋಮೀಟರ್ ಆಚೆ ಕಡಿಯುತ್ತಾರೆ. ಮುಂದಿನ ವರ್ಷ ಇನ್ನೂ ಆಚೆ. ಕೆಲವೇ ವರ್ಷಗಳಲ್ಲಿ ಇಡೀ ಕಾಡು ಚದುರಂಗದ ಹಾಸಿನಂತೆ ಕಾಣುತ್ತದೆ: ಒಂದು ಮನೆ ಬೋಳು, ಒಂದು ಮನೆ ಹಸಿರು.

ಹಸಿರು ಉಳಿಯಿತಲ್ಲ ಎನ್ನಬಹುದು. ಉಳಿದದ್ದು ಎಂಥ ಹಸಿರು? ಬಯಲಿಗೆ ತೆರೆದುಕೊಂಡ ಕಾಡಂಚಿನಲ್ಲಿ ಬಿಸಿಲು, ಗಾಳಿ ಒಳಗೆ ನುಗ್ಗುತ್ತವೆ. ತೇವ ಆರುತ್ತದೆ, ಗಾಳಿಗೆ ಮರ ಉರುಳುತ್ತವೆ. ಅಮೆರಿಕದ ಪೆಸಿಫಿಕ್ ವಾಯವ್ಯ ಭಾಗದ ಕಾಡುಗಳನ್ನು ನೋಡಿ ಜೆರಿ ಫ್ರಾಂಕ್ಲಿನ್ ಮತ್ತು ರಿಚರ್ಡ್ ಫಾರ್ಮನ್ ಎಂಬ ವಿಜ್ಞಾನಿಗಳು 1987ರಲ್ಲೇ ಈ ಚೌಕಳಿ ಕಡಿತದ ಬಗ್ಗೆ ಎಚ್ಚರಿಸಿದ್ದರು. ಲೆಕ್ಕ ಯಾರೂ ಹಾಕಿ ನೋಡಬಹುದು. ಕಾಡಂಚಿನ ಪರಿಣಾಮ 160 ಮೀಟರ್ ಒಳಗೆ ಬರುತ್ತದೆ ಎಂದುಕೊಳ್ಳಿ. ಎತ್ತರದ ಮರಗಳ ಕಾಡಿನಲ್ಲಿ ಇದೇನೂ ಹೆಚ್ಚಲ್ಲ. ನಾಲ್ಕೂ ಕಡೆ ಬೋಳಾಗಿ ಉಳಿದ 10 ಹೆಕ್ಟೇರ್ ಚೌಕದ ಒಂದು ಬದಿ ಸುಮಾರು 316 ಮೀಟರ್. ಎರಡೂ ಕಡೆಯಿಂದ 160 ಕಳೆದರೆ ಒಳಗಾಡು ಎನ್ನುವುದೇ ಇಲ್ಲ. 40 ಹೆಕ್ಟೇರ್ ಚೌಕದಲ್ಲೂ ನಿಜವಾದ ಒಳಗಾಡು 10 ಹೆಕ್ಟೇರ್ ಮುಟ್ಟುವುದಿಲ್ಲ.

ಇದರ ಬಿಸಿ ಹೆಚ್ಚು ತಟ್ಟುವುದು ಕ್ಯಾರಿಬೂ ಥರದ ಪ್ರಾಣಿಗೆ. ಈ ಕಾಡು ಹಿಮಸಾರಂಗಕ್ಕೆ ದೊಡ್ಡ, ಮುರಿಯದ ಹಳೆಯ ಕಾಡು ಬೇಕು. ಕೆನಡಾ ಸರ್ಕಾರದ 2012ರ ರಕ್ಷಣಾ ಯೋಜನೆಯಲ್ಲಿ ಮನುಷ್ಯ ಕೆಡಿಸಿದ ಜಾಗದ ಸುತ್ತಲಿನ 500 ಮೀಟರ್ ಕೂಡ ಕೆಟ್ಟ ನೆಲೆಯ ಲೆಕ್ಕಕ್ಕೆ ಸೇರುತ್ತದೆ. ಅದೇ ಅಳತೆಯಲ್ಲಿ 400 ಹೆಕ್ಟೇರ್ ಕಡಿತವನ್ನು ಎರಡು ರೀತಿ ನೋಡೋಣ. ಒಂದೇ ಚೌಕವಾಗಿ ಕಡಿದರೆ ಸುಮಾರು 880 ಹೆಕ್ಟೇರ್ ನೆಲೆ ಹಾಳು. ಅದನ್ನೇ 40 ಹೆಕ್ಟೇರಿನ ಹತ್ತು ಚೌಕ ಮಾಡಿ ದೂರದೂರ ಚೆಲ್ಲಿದರೆ ಸುಮಾರು 2,450 ಹೆಕ್ಟೇರ್. ಸಿಕ್ಕ ಮರ ಅಷ್ಟೇ, ಪೆಟ್ಟು ಎರಡೂವರೆ ಪಟ್ಟಿಗೂ ಜಾಸ್ತಿ. ಆ ಹತ್ತು ಜಾಗಕ್ಕೆ ಹೋಗುವ ರಸ್ತೆಗಳನ್ನು ಇದರಲ್ಲಿ ಸೇರಿಸಿಲ್ಲ. ರಸ್ತೆಯಲ್ಲಿ ತೋಳಗಳು ಸುಲಭವಾಗಿ ಓಡಾಡುತ್ತವೆ, ಬೇಟೆಗಾರರೂ ಬರುತ್ತಾರೆ. ಹೊಳೆಗೆ ಹೂಳು ಹೋಗುವುದೂ ಬಹಳಷ್ಟು ಈ ಮಣ್ಣು ರಸ್ತೆಗಳಿಂದಲೇ. ನಿಯಮ ಬ್ಲಾಕ್‌ನ ಗಡಿ ಅಳೆಯುತ್ತದೆ, ರಸ್ತೆಯನ್ನಲ್ಲ.

ಇನ್ನು ಆ 3 ಮೀಟರ್, 4 ಅಡಿ. ಮೇಲೆ ಬೇರಿನ ವಾದ ಬಂತು, ವಾದ ಸರಿಯೇ. ಆದರೆ ನೆಟ್ಟು 4 ವರ್ಷ ಎಂದರೆ ಇಳಿಜಾರು ದುರ್ಬಲವಾಗಿರುವ ಕಾಲ ಈಗ ತಾನೇ ಶುರುವಾಗಿದೆ. ಆಗಲೇ ಪಕ್ಕದ್ದು ಕಡಿಯಿರಿ ಎಂದು ನಿಯಮ ಒಪ್ಪಿಗೆ ಕೊಡುತ್ತದೆ! ನೀರಿನ ವಿಷಯದಲ್ಲೂ ಅಷ್ಟೇ. ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಜಲಾನಯನಗಳಿಗಾಗಿ ಮಾಡಿದ ಮಾರ್ಗಸೂಚಿಯಲ್ಲೇ ನೀರಿನ ಮಟ್ಟಿಗೆ ಕಾಡು ಎಷ್ಟು ಚೇತರಿಸಿದೆ ಎಂಬ ಲೆಕ್ಕದಲ್ಲಿ 3ರಿಂದ 5 ಮೀಟರ್ ಮರಗಳಿಗೆ ಸಿಗುವ ಅಂಕ ಶೇ 25 ಮಾತ್ರ. ಶೇ 90 ಸಿಗಬೇಕಾದರೆ ಮರ 9 ಮೀಟರ್ ದಾಟಬೇಕು. ಅಂದರೆ ದೂರದಿಂದ ನೋಡಿದಾಗ ಗುಡ್ಡ ಹಸಿರಾಗಿ ಕಾಣುವ ಎತ್ತರಕ್ಕೆ ಕಾನೂನು ತೃಪ್ತಿಪಟ್ಟಿದೆ. ಕಾಡಿನ ಕೆಲಸ ಮತ್ತೆ ಶುರುವಾಗುವ ಎತ್ತರ ಅದಲ್ಲ.

ತೂತುಗಳೂ ಇವೆ. ಆರೆಗನ್‌ನ ಮಿತಿ ಒಬ್ಬ ಮಾಲೀಕನ ಜಮೀನಿಗೆ ಮಾತ್ರ. ಗಡಿಯಾಚೆಯ ಮಾಲೀಕ ಅದೇ ವರ್ಷ ಕಡಿದರೆ ಈ ನಿಯಮ ಅಡ್ಡ ಬರುವುದಿಲ್ಲ. ಬೆಂಕಿ ಬಿದ್ದರೆ, ಕೀಟ ತಗುಲಿದರೆ ಬ್ರಿಟಿಷ್ ಕೊಲಂಬಿಯಾದಲ್ಲಿ ಗಾತ್ರದ ಮಿತಿಗೆ ವಿನಾಯಿತಿ ಇದೆ. ಪೈನ್ ದುಂಬಿ ಅಲ್ಲಿ 1.8 ಕೋಟಿ ಹೆಕ್ಟೇರ್‌ಗೂ ಹೆಚ್ಚು ಕಾಡನ್ನು ತಟ್ಟಿತು. ಅಂಥ ಕಡೆ ಸತ್ತ ಮರ ತೆಗೆಯಲು ದೊಡ್ಡ ದೊಡ್ಡ ಬಯಲುಗಳೇ ಆದವು. ಕಾವಲು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ನಿಯಮ ಬದಿಗೆ ಸರಿಯಿತು.

ಹಾಗಾದರೆ ಬೇಕಾದಂತೆ ಕಡಿಯಲಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ಅಳತೆಯನ್ನು ಬ್ಲಾಕ್‌ನಿಂದ ಹೊಳೆಯ ಜಲಾನಯನಕ್ಕೆ ಏರಿಸಬೇಕು. ಒಂದು ಜಲಾನಯನದಲ್ಲಿ ಯಾವುದೇ ಹೊತ್ತಿನಲ್ಲಿ ಎಷ್ಟು ಭಾಗ ಎಳೆಯ ಕಾಡಿರಬಹುದು, ಎಷ್ಟು ಕಿಲೋಮೀಟರ್ ರಸ್ತೆ ತೆರೆದಿರಬಹುದು ಎಂಬುದಕ್ಕೆ ಮಿತಿ ಹಾಕಬೇಕು. ಕಡಿದರೆ ಒಂದು ಕಡೆ ಗುಂಪಾಗಿ ಕಡಿಯಲಿ. ನಡುನಡುವೆ ಹಳೆಯ ಮರಗಳ ತೋಪು ಬಿಡಲಿ. ಕಡಿದಾದ ಇಳಿಜಾರನ್ನು ಮುಟ್ಟದಿರಲಿ. ಕೆಲಸ ಮುಗಿದ ಮೇಲೆ ರಸ್ತೆ ಅಗೆದು ಮುಚ್ಚಿ, ಆ ಕಡೆಯನ್ನು ಹಲವು ದಶಕ ಹಾಗೇ ಬಿಡಲಿ.

ಪರ ವಾದದಲ್ಲಿ ನನಗೆ ನಿಜಕ್ಕೂ ಗಟ್ಟಿ ಅನ್ನಿಸಿದ್ದು ಮತ್ತೆ ಬೆಳೆಸುವ ಒತ್ತಡದ ಮಾತು. ಅದನ್ನು ಬಿಡಬಾರದು. ಆದರೆ ಅದಕ್ಕೆ ಪಕ್ಕದ ಬ್ಲಾಕನ್ನೇ ಒತ್ತೆ ಇಡಬೇಕಿಲ್ಲ. ಕಡಿದ ಜಾಗದಲ್ಲಿ ಕಳೆಯನ್ನು ಮೀರಿ ತಾನಾಗಿ ಬೆಳೆಯುವ ಕಾಡು ಎಬ್ಬಿಸುವ ಹೊಣೆಯನ್ನು ಬ್ರಿಟಿಷ್ ಕೊಲಂಬಿಯಾದ ಕಾನೂನು ಬೇರೆಯಾಗಿಯೇ ಕಂಪನಿಯ ಮೇಲೆ ಹಾಕಿದೆ. ಆ ಹೊಣೆ ತೀರಿಸದ ಕಂಪನಿಗೆ ಪಕ್ಕದಲ್ಲಷ್ಟೇ ಅಲ್ಲ, ಆ ಜಲಾನಯನದಲ್ಲಿ ಎಲ್ಲಿಯೂ ಹೊಸ ಕಡಿತಕ್ಕೆ ಪರವಾನಗಿ ಕೊಡದಿದ್ದರೆ ಆಯಿತು.