ಡಿಸ್ಚಾರ್ಜ್ ದಿನದ ಹತ್ತು ನಿಮಿಷದ ಪಾಠ

ಲಕ್ವ ಹೊಡೆದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಏನಾಗುತ್ತದೆ ನೋಡಿ. ಮಗ ಬಿಲ್ ಕೌಂಟರಿನಲ್ಲಿ ನಿಂತಿರುತ್ತಾನೆ, ಅಳಿಯ ಆಂಬುಲೆನ್ಸಿಗೆ ಫೋನ್ ಮಾಡುತ್ತಿರುತ್ತಾನೆ. ಅದೇ ಗಡಿಬಿಡಿಯಲ್ಲಿ ವಾರ್ಡಿನ ಸಿಸ್ಟರ್ ಹೆಂಡತಿಯನ್ನೋ ಸೊಸೆಯನ್ನೋ ಕರೆದು ಮೂಗಿನ ಪೈಪಿನಲ್ಲಿ ಗಂಜಿ ಹಾಕುವುದು, ಮಗ್ಗುಲು ಬದಲಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವುದು ಎಲ್ಲವನ್ನೂ ಹತ್ತು ನಿಮಿಷದಲ್ಲಿ ತೋರಿಸುತ್ತಾರೆ. "ಗೊತ್ತಾಯ್ತಾ ಅಮ್ಮಾ?" "ಗೊತ್ತಾಯ್ತು ಸಿಸ್ಟರ್." ಆ ಹೊತ್ತಿನಲ್ಲಿ ಯಾರಿಗೂ ಏನೂ ಗೊತ್ತಾಗಿರುವುದಿಲ್ಲ. ಇದರಲ್ಲಿ ಸಿಸ್ಟರ್ ತಪ್ಪಿಲ್ಲ, ಅವರ ಪಾಲಿಗೆ ಇಡೀ ವಾರ್ಡ್ ಇದೆ. ಪಾಠಕ್ಕೆ ಆರಿಸಿಕೊಂಡ ಹೊತ್ತೇ ತಪ್ಪು, ಜಾಗವೂ ತಪ್ಪು.

ಈ ಮಾತಿಗೆ ಆಧಾರ ಇದೆ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಪಾರ್ಶ್ವವಾಯು ರೋಗಿಗಳ 300 ಮಂದಿ ಆರೈಕೆದಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆದವರ ಹೊರೆ ಕಡಿಮೆಯಾಗಿತ್ತು, ಖರ್ಚೂ ಇಳಿದಿತ್ತು. ಆ ತರಬೇತಿಯಲ್ಲಿ ಮನೆಗೇ ಹೋಗಿ ಹೇಳಿಕೊಡುವ ಒಂದು ಪಾಠವೂ ಇತ್ತು. ಅದೇ ತರಬೇತಿಯನ್ನು ಬ್ರಿಟನ್ನಿನ 36 ಸ್ಟ್ರೋಕ್ ಘಟಕಗಳಿಗೆ ವಿಸ್ತರಿಸಿ, 928 ರೋಗಿ-ಆರೈಕೆದಾರ ಜೋಡಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ರೋಗಿಗೂ ಲಾಭ ಕಾಣಲಿಲ್ಲ, ನೋಡಿಕೊಳ್ಳುವವರಿಗೂ ಕಾಣಲಿಲ್ಲ. ಲಕ್ವ ಹೊಡೆದ ಹೊಸತರಲ್ಲಿ, ಆಸ್ಪತ್ರೆಯಲ್ಲಿರುವಾಗಲೇ ಇಂಥ ತರಬೇತಿ ಕೊಡುವುದು ಸರಿಯಾದ ಸಮಯವಲ್ಲದಿರಬಹುದು ಎಂದು ಸಂಶೋಧಕರೇ ಬರೆದರು.

ನಮ್ಮ ದೇಶದಲ್ಲೇ ನಡೆದ 'ಅಟೆಂಡ್' ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಭಾರತದ 14 ಆಸ್ಪತ್ರೆಗಳು, 1,250 ರೋಗಿಗಳು. ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ, ಡಿಸ್ಚಾರ್ಜ್ ಆದಮೇಲೂ ಎರಡು ತಿಂಗಳವರೆಗೆ ಮನೆಯಲ್ಲಿ ಮುಂದುವರಿಸಿದರು. ಆರು ತಿಂಗಳ ನಂತರ ನೋಡಿದರೆ ಹೀಗೆ ಕಲಿಸಿದ ಗುಂಪು, ಕಲಿಸದ ಗುಂಪು ಎರಡರಲ್ಲೂ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಇಲ್ಲವೇ ದಿನದ ಕೆಲಸಕ್ಕೆ ಇನ್ನೊಬ್ಬರ ಕೈ ಕಾಯುತ್ತಿದ್ದರು. ಒಂದಿಷ್ಟೂ ವ್ಯತ್ಯಾಸವಿಲ್ಲ.

ಮನೆಗೆ ಹೋಗಿ ಕಲಿಸಿದರೂ ಪ್ರಯೋಜನವಾಗಲಿಲ್ಲವಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಓದಿಕೊಂಡಂತೆ ಅಟೆಂಡ್ ಹೇಳುವುದು ಇಷ್ಟು: ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನು ಸೊಸೆಯ ತಲೆಗೆ ಕಟ್ಟಿದರೆ ಕೈಕಾಲು ಬೇಗ ಬರುವುದಿಲ್ಲ. ಅಡುಗೆ, ಮಕ್ಕಳು, ಹೊಲದ ಕೆಲಸ ಮುಗಿಸಿಕೊಂಡು ಅವಳು ಎಷ್ಟು ವ್ಯಾಯಾಮ ಮಾಡಿಸಿಯಾಳು? ಆದರೆ ಹಾಸಿಗೆ ಹುಣ್ಣು, ಶ್ವಾಸಕೋಶಕ್ಕೆ ಗಂಜಿ ಇಳಿಯುವುದು, ಮೂತ್ರದ ಸೋಂಕು, ಇವನ್ನು ತಡೆಯುವುದು ಬೇರೆಯೇ ಕೆಲಸ. ಅದು ಮನೆಯವರ ಕೈಯಲ್ಲೇ ಇದೆ. ಆ ಕೈಯನ್ನು ತಿದ್ದಲು ಅದೇ ಮಂಚದ ಪಕ್ಕ ನಿಲ್ಲುವ ನರ್ಸ್ ಬೇಕು.

ಯಾಕೆ ಅದೇ ಮಂಚದ ಪಕ್ಕ? ಗಂಜಿಯನ್ನೇ ತಗೊಳ್ಳಿ. ಆಸ್ಪತ್ರೆಯಲ್ಲಿ ತೋರಿಸುವುದು ತೆಳ್ಳಗಿನ ಪುಡಿ ಹಾಲು. ಮನೆಯಲ್ಲಿ ಮಾಡುವುದು ರಾಗಿ ಗಂಜಿ. ಬಿಸಿ ಇದ್ದಾಗ ನೀರಿನಂತೆ ಇಳಿಯುವ ರಾಗಿ ಗಂಜಿ ಆರುತ್ತಾ ಗಟ್ಟಿಯಾಗುತ್ತದೆ, ಪೈಪಿನ ಒಳಗೋಡೆಗೆ ಹಿಡಿದುಕೊಳ್ಳುತ್ತದೆ. ಎರಡು ದಿನಕ್ಕೆ ಪೈಪ್ ಕಟ್ಟುತ್ತದೆ. ಆಗ ಗಾಬರಿಯಿಂದ ಸಿರಿಂಜ್ ಒತ್ತುತ್ತಾರೆ, ಅದೇ ಅಪಾಯ. ಸರಿಯಾದ ಕ್ರಮ ಹೀಗೆ: ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಇರುವಾಗಲೇ ಹಾಕಬೇಕು. ತಲೆಯ ಕಡೆ ಕನಿಷ್ಠ 30 ಡಿಗ್ರಿ, ಸಾಧ್ಯವಾದರೆ 45, ಎತ್ತರಿಸಿರಬೇಕು. ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಡಿ. ಗುರುತು ಹೊರಗೆ ಬಂದಿದ್ದರೆ ಏನನ್ನೂ ಹಾಕಬೇಡಿ, ನರ್ಸಿಗೆ ಫೋನ್ ಮಾಡಿ. 50 ಮಿ.ಲೀ. ಸಿರಿಂಜಿನ ದಂಡ ತೆಗೆದು ಅದನ್ನು ಆಲಿಕೆಯಂತೆ ಎತ್ತಿ ಹಿಡಿದು, 200 ಮಿ.ಲೀ. ಗಂಜಿಯನ್ನು 15-20 ನಿಮಿಷದಲ್ಲಿ ತಾನಾಗಿ ಇಳಿಯಲು ಬಿಡಬೇಕು. ಕೊನೆಗೆ 30ರಿಂದ 50 ಮಿ.ಲೀ. ನೀರು. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು. ಮಾತ್ರೆಗಳನ್ನು ಒಂದೊಂದಾಗಿ ಪುಡಿ ಮಾಡಿ ನೀರಿನಲ್ಲಿ ಕದಡಿ ಹಾಕಬೇಕು. ಪುಡಿ ಮಾಡಬಾರದ ಮಾತ್ರೆಗಳೂ ಇರುತ್ತವೆ, ಯಾವುವು ಎಂದು ಡಾಕ್ಟರನ್ನು ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ.

ನೋಡಲು ಬಂದ ನೆಂಟರು "ಪಾಪ, ಆಸೆ ಇರುತ್ತೆ, ಒಂದು ಚಮಚ ಕಾಫಿ ಬಾಯಿಗೆ ಬಿಡಿ" ಅನ್ನುತ್ತಾರೆ. ನುಂಗುವ ಶಕ್ತಿ ಬಂದಿದೆಯೇ ಎಂದು ಪರೀಕ್ಷೆಯಾಗುವವರೆಗೆ ದಯವಿಟ್ಟು ಬೇಡ. ಕೆಮ್ಮು ಬರಲಿಲ್ಲ ಎಂದರೆ ಸರಿಯಾಗಿ ಇಳಿಯಿತು ಎಂದಲ್ಲ. ಗಂಟಲಿನ ಸ್ಪರ್ಶವೇ ಸತ್ತಿದ್ದರೆ ಕಾಫಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ, ನ್ಯುಮೋನಿಯಾ ಆಗುತ್ತದೆ.

ಹಾಸಿಗೆ ಹುಣ್ಣಿನ ವಿಷಯ ಇನ್ನೂ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿ ಪ್ರೀತಿಯಿಂದ ಮಾಡುವ ತಪ್ಪುಗಳೇ ಜಾಸ್ತಿ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಾರೆ. ಒಳಗೆ ನಲುಗಿದ ಮಾಂಸ ಇನ್ನಷ್ಟು ಹರಿಯುತ್ತದೆ. ಸೊಂಟದ ಕೆಳಗೆ ರಬ್ಬರ್ ರಿಂಗ್ ಇಡುತ್ತಾರೆ; ರಿಂಗಿನ ಅಂಚು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಾರೆ. ಬೆನ್ನಿನ ಕೆಳಗಿನ ಚರ್ಮ ಹಾಸಿಗೆಗೆ ತಿಕ್ಕಿ ಕೀಳುತ್ತದೆ, ಸೋತ ಭುಜವೂ ಜಾರುತ್ತದೆ. ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡ್ಡ ಹಾಸಿ. ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿದರೆ ರೋಗಿಯ ಚರ್ಮವೂ ಉಳಿಯುತ್ತದೆ, ನಿಮ್ಮ ಸೊಂಟವೂ ಉಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಗಬೇಕು. ಪೂರ್ತಿ ಹೊರಳಿಸದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ.

"ಚರ್ಮ ಕೆಂಪಾಗಿದೆಯಾ ನೋಡಿ" ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದೇ ಕಷ್ಟ. ದಿನಕ್ಕೊಮ್ಮೆ ಸ್ನಾನ ಮಾಡಿಸುವಾಗ ಬಾಲದ ಮೂಳೆ, ಸೊಂಟದ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಹಿಟ್ಟಿನಂತೆ ಮೆತ್ತಗಿದ್ದರೆ ಹುಣ್ಣು ಒಳಗೆ ಶುರುವಾಗಿದೆ. ಆ ಮಗ್ಗುಲು ಬಿಡಿ, ಆ ದಿನವೇ ನರ್ಸಿಗೆ ತಿಳಿಸಿ.

ಏರ್ ಬೆಡ್ ತಂದ ಮನೆಗಳಲ್ಲಿ ಮಗ್ಗುಲು ಬದಲಿಸುವುದನ್ನೇ ನಿಲ್ಲಿಸುತ್ತಾರೆ. ಏರ್ ಬೆಡ್ ಅದಕ್ಕೆ ಬದಲಿಯಲ್ಲ. ಕರೆಂಟ್ ಹೋದರೆ ಗಾಳಿ ಇಳಿದು ರೋಗಿ ಮಂಚದ ಹಲಗೆಯ ಮೇಲೆ ಮಲಗಿದಂತಾಗುತ್ತದೆ, ಹಾಗಾಗಿ ಕೆಳಗೆ ಸಾಮಾನ್ಯ ಹಾಸಿಗೆ ಇರಲೇಬೇಕು. ಮೇಲೆ ರಗ್ಗು, ರೆಕ್ಸಿನ್ ಎಂದು ಮೂರು ಪದರ ಹಾಸಿದರೆ ಅದರ ಉಪಯೋಗವೇ ಹೋಗುತ್ತದೆ.

ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲ ಮುಟ್ಟಬಾರದು. ಮಗ್ಗುಲು ಬದಲಿಸುವಾಗ ಹೊಟ್ಟೆಯ ಮೇಲೆ ಇಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ, ಸೋಂಕೂ ಅದರೊಂದಿಗೆ ಹೋಗುತ್ತದೆ.

ಇಷ್ಟನ್ನೂ ಮಾಡುವವರು ಯಾರು? ಬಹುತೇಕ ಮನೆಗಳಲ್ಲಿ ಒಬ್ಬಳೇ ಹೆಂಗಸು. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯೂ ಎರಡು ಗಂಟೆಗೊಮ್ಮೆ ತಾನೆ? ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಒತ್ತಡ ಅನುಭವಿಸುತ್ತಿದ್ದ ವೃದ್ಧರು ನಾಲ್ಕು ವರ್ಷದಲ್ಲಿ ಸಾಯುವ ಸಾಧ್ಯತೆ, ಆ ಹೊರೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ನಮ್ಮಲ್ಲಿ ರೋಗಿಯ ಬಿ.ಪಿ. ನೋಡುತ್ತಾರೆ, ಪಕ್ಕದಲ್ಲಿ ನಿಂತವಳ ಬಿ.ಪಿ. ಯಾರೂ ನೋಡುವುದಿಲ್ಲ. ಆರೈಕೆಯ ಹೊರೆ ಅಳೆಯಲು 22 ಪ್ರಶ್ನೆಗಳ ಝಾರಿಟ್ ಪಟ್ಟಿ ಇದೆ, ಒಂದೊಂದಕ್ಕೆ 0ಯಿಂದ 4 ಅಂಕ. ಅಷ್ಟು ಕೇಳಲು ಪುರುಸೊತ್ತಿಲ್ಲದಿದ್ದರೆ "ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ? ನಿಮ್ಮ ಮಾತ್ರೆ ತಗೊಂಡ್ರಾ?" ಎಂದಾದರೂ ನರ್ಸ್ ಕೇಳಬೇಕು.

ಇದು ಆಗದ ಮಾತಲ್ಲ. ಪಕ್ಕದ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಶುರು ಮಾಡಿದ ಉಪಶಮನ ಆರೈಕೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಊರೂರಿಗೆ ಹಬ್ಬಿತು. 2008ರಲ್ಲಿ ಸರ್ಕಾರವೇ ನೀತಿ ತಂದಿತು. ಪಂಚಾಯಿತಿಗಳು ತರಬೇತಾದ ನರ್ಸನ್ನು ವಾಹನದಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಕಳಿಸುತ್ತವೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳ ಮನೆಗೆ ತಂಡ ಕಳಿಸುತ್ತಾ ಬಂದಿದೆ. ಲಕ್ವದ ಮನೆಗಳಿಗೂ ನಮ್ಮ ತಾಲ್ಲೂಕುಗಳಲ್ಲಿ ಇದು ಬೇಕು: ಡಿಸ್ಚಾರ್ಜ್ ಆದ 48 ಗಂಟೆಯೊಳಗೆ ಮೊದಲ ಭೇಟಿ, ಆಮೇಲೆ ಏಳನೇ ದಿನ, ಹದಿನಾಲ್ಕನೇ ದಿನ, ತಿಂಗಳಿಗೊಮ್ಮೆ. ನರ್ಸ್ ಮಾಡಿ ತೋರಿಸುವುದಕ್ಕಿಂತ ಮನೆಯವರು ಮಾಡುವುದನ್ನು ನಿಂತು ನೋಡಿ ತಿದ್ದಬೇಕು.

ಅಲ್ಲಿಯವರೆಗೆ ಏಜೆನ್ಸಿಯಿಂದ "ಹೋಮ್ ನರ್ಸ್" ಕರೆಸುವವರಿಗೆ ಒಂದು ಮಾತು. ಬರುವವರು ಎಷ್ಟೋ ಸಲ ನರ್ಸಿಂಗ್ ಓದದ ಅಟೆಂಡರ್. ಸ್ನಾನ, ಊಟ, ಮಗ್ಗುಲು ಬದಲಿಸಲು ಅವರು ಸಾಕು, ಒಳ್ಳೆಯವರೂ ಇದ್ದಾರೆ. ಮೂಗಿನ ಪೈಪ್ ಹಾಕುವುದು, ಮೂತ್ರದ ಪೈಪ್ (ಕ್ಯಾತಿಟರ್) ಬದಲಿಸುವುದು, ಗಾಯದ ಡ್ರೆಸ್ಸಿಂಗ್ ಮಾತ್ರ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಮಾಡಿದವರ ಕೆಲಸ. ಫೋನಿನಲ್ಲೇ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ, ಬರೆದಿಟ್ಟುಕೊಳ್ಳಿ.